ನೇಪಾಳಕ್ಕೆ ಆಧಾರ್ ಸಾಕು ಅನ್ನುವವರೇ, ಮೊದಲು ವಯಸ್ಸು ಕೇಳಿ

ನಿನ್ನೆ ನಮ್ಮ ಯಾತ್ರೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಕೇಳಿದರು. ದಸರಾ ರಜೆಗೆ ಮುಕ್ತಿನಾಥಕ್ಕೆ ಹೊರಟಿದ್ದಾರೆ. ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿ ದಾಟಿ ರಸ್ತೆಯಲ್ಲೇ ಪೋಖರಾ. ಜೊತೆಗೆ ಹೆಂಡತಿ, 16 ವರ್ಷದ ಮಗಳು, 70 ದಾಟಿದ ತಾಯಿ. ಏನೇನು ದಾಖಲೆ ಬೇಕು ಅಂತ.

ಕೂಡಲೇ ಉತ್ತರಗಳು ಬಂದವು. "ಏನೂ ಬೇಡ ಸಾರ್, ಆಧಾರ್ ಸಾಕು." "ವೀಸಾನೇ ಇಲ್ಲ, ಆರಾಮಾಗಿ ಹೋಗಿ ಬನ್ನಿ." "ನಮ್ಮನ್ನು ಯಾರೂ ಕೇಳಲೇ ಇಲ್ಲ." ಒಬ್ಬರಾದರೂ ಅವರ ವಯಸ್ಸೆಷ್ಟು, ಬರುವಾಗ ರಸ್ತೆಯೋ ವಿಮಾನವೋ ಅಂತ ವಿಚಾರಿಸಲಿಲ್ಲ. ನಾನು ಉದ್ದಕ್ಕೆ ಬರೆದರೆ "ಸುಮ್ನೆ ಹೆದರಿಸಬೇಡಿ" ಅಂದರು. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವೀಸಾ ಬೇಡ ಅನ್ನುವುದು ನಿಜ. 1950ರ ಒಪ್ಪಂದದಿಂದ ಎರಡೂ ದೇಶದವರು ಗಡಿ ದಾಟಿ ಓಡಾಡಬಹುದು. ಆದರೆ ನಾನು ಭಾರತೀಯ ಅಂತ ತೋರಿಸುವ ಕಾಗದ ಕೈಯಲ್ಲಿ ಇರಲೇಬೇಕು. ಆ ಕಾಗದ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ವೋಟರ್ ಐಡಿ. ಎಲ್ಲರಿಗೂ ಆಧಾರ್ ನಡೆಯುವುದಿಲ್ಲ. 15 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ ಮಾತ್ರ ನಡೆಯುತ್ತದೆ. 15ರಿಂದ 18ರವರೆಗಿನವರಿಗೆ ಶಾಲೆಯ ಪ್ರಿನ್ಸಿಪಾಲರು ಗೊತ್ತುಪಡಿಸಿದ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಆಗುತ್ತದೆ. ಅಂದರೆ ಆ ಒಂದೇ ಮನೆಯಲ್ಲಿ ಅಜ್ಜಿಗೆ ಆಧಾರ್ ಸಾಕು, ಮೊಮ್ಮಗಳಿಗೆ ಶಾಲೆಯ ಪತ್ರ, ಗಂಡ ಹೆಂಡತಿಗೆ ವೋಟರ್ ಐಡಿ. "ಆಧಾರ್ ಸಾಕು" ಅಂತ ಎಲ್ಲರಿಗೂ ಸೇರಿಸಿ ಹೇಳಿಬಿಟ್ಟರೆ ಹೇಗೆ?

ಕುಟುಂಬಕ್ಕೆ ಸ್ವಲ್ಪ ರಿಯಾಯಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಗಂಡ, ಹೆಂಡತಿ, ಚಿಕ್ಕ ಮಕ್ಕಳು, ತಂದೆ ತಾಯಿ ಒಟ್ಟಿಗೆ ಹೋಗುವಾಗ ದೊಡ್ಡವರಲ್ಲಿ ಒಬ್ಬರ ಬಳಿ ಸರಿಯಾದ ದಾಖಲೆ ಇದ್ದರೆ ಉಳಿದವರನ್ನು ಅಷ್ಟು ಬಿಗಿಯಾಗಿ ಕೇಳುವುದಿಲ್ಲ. ಆದರೆ ಅವರ ಹತ್ತಿರವೂ ಫೋಟೋ ಇರುವ ಗುರುತು, ಸಂಬಂಧ ತೋರಿಸುವ ರೇಷನ್ ಕಾರ್ಡಿನಂಥ ಕಾಗದ ಇರಬೇಕು. ನಾದಿನಿ, ಷಡ್ಡಕ, ಪಕ್ಕದ ಮನೆಯ ಆಂಟಿ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮೂರುಗಳಿಂದ ಯಾತ್ರೆಗೆ ಹೋಗುವವರಲ್ಲಿ ಮುಕ್ಕಾಲು ಜನ ಹಾಗೆ ಗುಂಪಿನಲ್ಲಿ ಸೇರಿಕೊಂಡು ಹೋಗುವ ಹೆಂಗಸರೇ ಅಲ್ವಾ?

ಇನ್ನು "ನಮ್ಮನ್ನು ಯಾರೂ ಕೇಳಲಿಲ್ಲ" ಅನ್ನುವ ವಾದ. ಒಪ್ಪುತ್ತೇನೆ, ಕೇಳದೇ ಇರಬಹುದು. 1700 ಕಿಲೋಮೀಟರಿಗೂ ಉದ್ದದ ಗಡಿ. ಸುನೌಲಿಯಲ್ಲಿ ಸೈಕಲ್ಲು, ರಿಕ್ಷಾ, ತಲೆ ಮೇಲೆ ಗಂಟು ಹೊತ್ತವರು ಎಲ್ಲ ಒಂದೇ ಗೇಟಿನಲ್ಲಿ ಹೋಗಿ ಬರುತ್ತಿರುತ್ತಾರೆ. ಗಡಿ ಕಾಯುವ ನಮ್ಮ ಎಸ್‌ಎಸ್‌ಬಿ ಪಡೆಯ ಯೋಧ ಎಲ್ಲರನ್ನೂ ನಿಲ್ಲಿಸುವುದಿಲ್ಲ. ಆದರೆ ನಿಮ್ಮನ್ನು ಕೇಳಲಿಲ್ಲ ಅಂತ ಇನ್ನೊಬ್ಬರನ್ನೂ ಕೇಳುವುದಿಲ್ಲ ಅಂತ ಹೇಳಲು ನೀವು ಯಾರು? ಚುನಾವಣೆ ಹತ್ತಿರ ಬಂದರೆ ಗಡಿ ಮುಚ್ಚುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಮುಚ್ಚಿದರು. 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಗಲಭೆಯಾಗಿ ವಿಮಾನ ನಿಲ್ದಾಣವೇ ಬಂದ್ ಆಯಿತು. ನಮ್ಮ ಕರ್ನಾಟಕದವರೂ ಅಲ್ಲಿ ಸಿಕ್ಕಿಕೊಂಡಿದ್ದರು. ಕಾಗದ ಬೇಕಾಗುವುದು ಇಂಥ ದಿನಗಳಲ್ಲೇ.

ರಸ್ತೆಯಲ್ಲಿ ಹೋದವರು ರಸ್ತೆಯಲ್ಲೇ ಬರುತ್ತಾರೆ ಅನ್ನುವ ಖಾತ್ರಿಯೂ ಇಲ್ಲ. ಮಳೆಗಾಲದಲ್ಲಿ ಮುಗ್ಲಿಂಗ್-ನಾರಾಯಣಗಢ ದಾರಿಯಲ್ಲಿ, ಬುಟವಲ್ ಮೇಲಿನ ಘಾಟಿಯಲ್ಲಿ ಗುಡ್ಡ ಜರಿಯುತ್ತದೆ. ದಾರಿ ಬಂದ್ ಆದರೆ ಉಳಿಯುವುದು ವಿಮಾನ. ವಿಮಾನದ ಕೌಂಟರಿನಲ್ಲಿ ಯಾರೂ ಕೇಳದೇ ಬಿಡುವುದಿಲ್ಲ.

ಈ ಮಾತು ಬಂದರೆ ನನ್ನ ದನಿ ಏರುವುದಕ್ಕೆ ಕಾರಣ ನಮ್ಮ ದೊಡ್ಡಮ್ಮ. ನಿಮ್ಮಲ್ಲಿ ಹಳಬರಿಗೆ ಗೊತ್ತು. ಆಗ ಅವರಿಗೆ ಇನ್ನೂ 60 ಆಗಿರಲಿಲ್ಲ. ಮುಕ್ತಿನಾಥ ನೋಡಬೇಕು, ಗಂಡಕಿಯಲ್ಲಿ ಕೈಯಾರೆ ಸಾಲಿಗ್ರಾಮ ಮುಟ್ಟಬೇಕು ಅಂತ ವರ್ಷಗಟ್ಟಲೆ ಆಸೆ ಇಟ್ಟುಕೊಂಡಿದ್ದವರು. ಕರೆದುಕೊಂಡು ಹೋದವರು ಆಧಾರ್ ಸಾಕು ಅಂದಿದ್ದರು. ವೋಟರ್ ಐಡಿ ಇತ್ತು, ಮನೆಯ ಬೀರುವಿನಲ್ಲಿ! ಕಳೆದುಹೋದೀತು ಅಂತ ಬಿಟ್ಟು ಹೋಗಿದ್ದರು. ಬರುವಾಗ ಗುಡ್ಡ ಜರಿದು ರಸ್ತೆ ನಿಂತಿತು. ಎಲ್ಲರಿಗೂ ಕಾಠ್ಮಂಡುವಿನಿಂದ ದೆಹಲಿಗೆ ಟಿಕೆಟ್ ಮಾಡಿಸಿದರು. ಕೌಂಟರಿನಲ್ಲಿ ದೊಡ್ಡಮ್ಮನನ್ನು ಮಾತ್ರ ನಿಲ್ಲಿಸಿದರು. ಹಿಂದಿ ಬಾರದ ಹೆಂಗಸು, ಫೋನಿನಲ್ಲಿ "ನಾನೇನು ತಪ್ಪು ಮಾಡಿದೆ ಮಗಾ" ಅಂತ ಅಳುತ್ತಿದ್ದರು. ಜೊತೆಗೆ ಬಂದಿದ್ದ ಒಬ್ಬ ಪುಣ್ಯಾತ್ಮರು ತಮ್ಮ ವಿಮಾನ ಬಿಟ್ಟು ಅವರೊಂದಿಗೆ ಉಳಿದರು. ಲೈಂಚೌರ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಗುರುತಿನ ಪತ್ರ ಮಾಡಿಸಿ, ಹೊಸ ಟಿಕೆಟ್ ಕೊಂಡು ಕರೆತಂದರು. ದೊಡ್ಡಮ್ಮ ಆ ಯಾತ್ರೆಯ ಮಾತೆತ್ತಿದರೆ ಈಗಲೂ ಮುಕ್ತಿನಾಥನ ದರ್ಶನಕ್ಕಿಂತ ಆ ಕೌಂಟರನ್ನೇ ಹೇಳುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಪಶುಪತಿನಾಥನ ಮುಖ್ಯ ಅರ್ಚಕರಾಗಿ ನಮ್ಮ ಕಡೆಯ ಭಟ್ಟರೇ ಹೋಗುತ್ತಾ ಬಂದಿದ್ದಾರೆ. ಹಾಗಾಗಿ ನೇಪಾಳ ನಮಗೆ ಬೇರೆ ದೇಶ ಅನ್ನಿಸುವುದೇ ಇಲ್ಲ. ಆ ಸಲಿಗೆ ನನಗೂ ಇಷ್ಟ. ಆದರೆ ಅದು ಬೇರೆ ದೇಶವೇ.

ಮನೆಯಲ್ಲಿ ಅಮೆರಿಕದ ಪಾಸ್‌ಪೋರ್ಟಿನ ಮಕ್ಕಳು ಇದ್ದರಂತೂ ಇನ್ನೂ ಹುಷಾರು. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ತೋರಿಸಿ ನೇಪಾಳದೊಳಗೆ ಹೋಗಲು ಆಗುವುದಿಲ್ಲ. ಅವರು ವಿದೇಶಿಯರೇ, ವೀಸಾ ಬೇಕು. ಸುನೌಲಿಯ ಆಚೆ ಬೆಲಹಿಯಾದಲ್ಲೇ ಕೊಡುತ್ತಾರೆ. 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50. ನಗದು ಡಾಲರ್ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಈ ಕಡೆ ಭಾರತದ ಇಮಿಗ್ರೇಷನ್‌ನಲ್ಲಿ ಹೊರಹೋಗುವ ಮುದ್ರೆ ಹಾಕಿಸಬೇಕು. ಜನರ ಹಿಂದೆಯೇ ನಡೆದುಬಿಟ್ಟರೆ ಆ ಕಚೇರಿ ಕಣ್ಣಿಗೇ ಬೀಳದೆ ಗಡಿ ದಾಟಿಬಿಡುತ್ತೀರಿ. ಆಮೇಲೆ ಮುದ್ರೆ ಎಲ್ಲಿ ಅಂತ ವಾಪಸ್ ಕಳಿಸುತ್ತಾರೆ.

ಸ್ವಂತ ಕಾರಿನಲ್ಲಿ ಹೋಗುವವರು ಗಡಿಯಲ್ಲೇ ಭನ್ಸಾರ್ ಕಟ್ಟಬೇಕು. ದಿನದ ಲೆಕ್ಕದ ಸುಂಕ ಅದು. ಇರುವ ದಿನಕ್ಕಿಂತ ಕಡಿಮೆಗೆ ಕಟ್ಟಬೇಡಿ, ದಂಡ ಬೀಳುತ್ತದೆ. ದುಡ್ಡು 100ರ ನೋಟುಗಳಲ್ಲಿ ಇರಲಿ. 2018ರಲ್ಲಿ ನೇಪಾಳದವರು ಅದಕ್ಕಿಂತ ದೊಡ್ಡ ನಮ್ಮ ನೋಟು ನಿಷೇಧಿಸಿದ್ದರು. ಆ ನಿಯಮ ಈಚೆಗೆ ಸಡಿಲವಾದರೂ 500ರ ನೋಟಿನ ರಗಳೆ ಯಾಕೆ ಬೇಕು? ನಮ್ಮ 100ಕ್ಕೆ ಅವರ 160.

ಭೂತಾನಕ್ಕೂ ಇದೇ "ಏನೂ ಬೇಡ" ಉಪದೇಶ ನಡೆಯುತ್ತಿದೆ. ಅಲ್ಲಿ ಗಡಿಯ ಊರು ಫುಂಟ್‌ಶೋಲಿಂಗ್ ದಾಟಿ ಥಿಂಪು, ಪಾರೋಗೆ ಹೋಗಲು ಪರ್ಮಿಟ್ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. 2022ರ ಸೆಪ್ಟೆಂಬರಿನಿಂದ ಭಾರತೀಯರಿಗೆ ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಶುಲ್ಕ ಬೇರೆ.

ಯಾತ್ರೆ ಕರೆದುಕೊಂಡು ಹೋಗುವವರು ನನ್ನ ಸ್ನೇಹಿತರಲ್ಲೂ ಇದ್ದೀರಿ. ಕೈಮುಗಿದು ಕೇಳುತ್ತೇನೆ. ಮುಂಗಡ ತಗೊಳ್ಳುವ ದಿನವೇ ಪ್ರತಿಯೊಬ್ಬರ ವಯಸ್ಸು ಬರೆದುಕೊಳ್ಳಿ, ಮೂಲ ಕಾರ್ಡನ್ನು ಕಣ್ಣಾರೆ ನೋಡಿ. ಜೆರಾಕ್ಸ್, ಫೋನಿನಲ್ಲಿರುವ ಫೋಟೋ ಬೇಡ. ಕಾರ್ಡಿನಲ್ಲಿರುವ ಹೆಸರೇ ಟಿಕೆಟಿನಲ್ಲಿ ಇರಲಿ, ನಮ್ಮವರ ಇನಿಷಿಯಲ್ ಗೊಂದಲ ಗೊತ್ತಲ್ಲ. ಕಾರ್ಡ್ ಇಲ್ಲದವರು ಸಿಕ್ಕಿದರೆ ಪಾಸ್‌ಪೋರ್ಟ್ ಮಾಡಿಸಲು ಅವರಿಗೆ ಆಗ ಇನ್ನೂ ಸಮಯ ಇರುತ್ತದೆ.