ವಿಮಾ ಇಲ್ರಿ, ಕಾರ್ಡ್ ಅದ

ಆ ಮನೆಗೆ ನಾನು "ಇಲ್ಲ" ಅಂತ ಒತ್ತಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ.

ಆಳಂದ ತಾಲೂಕಿನ ಒಂದು ಹಳ್ಳಿ. ಡಿಗ್ರಿ ಮುಗಿಸಿ ಕೆಲಸ ಇಲ್ಲದೆ ತಿರುಗುತ್ತಿದ್ದ ದಿನಗಳು. ಒಂದು ಏಜೆನ್ಸಿಯವರು ಕೈಗೆ ಟ್ಯಾಬ್ ಕೊಟ್ಟು ಸರ್ವೆಗೆ ಕಳಿಸಿದ್ದರು. ಒಂದು ಮನೆಗೆ ಇಷ್ಟು ಅಂತ ದುಡ್ಡು. ಆ ಮನೆಯಲ್ಲಿ ಇದ್ದದ್ದು ಒಬ್ಬ ಆಯಿ ಮಾತ್ರ. ಕಟ್ಟೆ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಟ್ಯಾಬ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ: "ನಿಮ್ಮ ಕುಟುಂಬದ ಯಾವುದೇ ಸದಸ್ಯರಿಗೆ ಆರೋಗ್ಯ ವಿಮೆ ಇದೆಯೇ?"

ಆಯಿ ಮೊರ ಕೆಳಗಿಟ್ಟರು. "ವಿಮಾ ಎಲ್ಲಿ ಬಂದದೋ ತಮ್ಮಾ! ನೆಟೆ ರೋಗ ಬಂದು ತೊಗರಿ ಎಲ್ಲಾ ಒಣಗಿ ಹೋಯ್ತು. ಫೋಟೋ ಹೊಡ್ಕೊಂಡು ಹೋದ್ರು. ರೊಕ್ಕ ಇನ್ನಾ ಜಮಾ ಆಗಿಲ್ಲ."

ಬೆಳೆದಲ್ಲ ಆಯಿ, ದವಾಖಾನಿದು ಅಂದೆ. "ಅಂಥಾದ್ದೇನಿಲ್ಲ ಬಿಡು" ಅಂದರು. ಒತ್ತಿದೆ: ಇಲ್ಲ.

ಕೊನೆಗೆ ಮೊಬೈಲ್ ನಂಬರ್ ಕೇಳಿದಾಗ ಒಳಗೆ ಹೋಗಿ, ಯಾವುದೋ ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಚೀಲ ತಂದರು. ಮಗನ ನಂಬರು ಅದರೊಳಗಿನ ಚೀಟಿಯಲ್ಲಿತ್ತು. ಹುಡುಕುವಾಗ ರೇಷನ್ ಕಾರ್ಡ್, ಪಾಸ್‌ಬುಕ್, ಆಧಾರ್ ಎಲ್ಲ ಹೊರಗೆ ಬಂದವು. ಜೊತೆಗೆ ಒಂದು ಆಸ್ಪತ್ರೆ ಫೈಲು. ಮೇಲೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಸೀಲು.

"ಇದ್ಯಾರದು ಆಯಿ?"

"ನಿಮ್ ಮುತ್ಯಾಂದು. ಎದಿ ನೋವು ಬಂದಿತ್ತು. ಸ್ಟಂಟ್ ಹಾಕ್ಯಾರ."

"ರೊಕ್ಕ ಎಷ್ಟು ಹೋಯ್ತು?"

"ರೊಕ್ಕ ಎಲ್ಲಿದು? ಕಾರ್ಡ್ ಮ್ಯಾಲ ಆಯ್ತಲ್ಲ!"

ಕಾರ್ಡ್ ಮ್ಯಾಲ. ನಮ್ಮ ಕಡೆ ಇದಕ್ಕೆ ಇರುವ ಮಾತೇ ಇದು. ವಿಮಾ ಅಂದ್ರೆ ಬೆಳೆದು, ಇನ್ಸೂರೆನ್ಸ್ ಅಂದ್ರೆ ಬೈಕಿಂದು. ದವಾಖಾನೆಯಲ್ಲಿ ಪುಕ್ಕಟೆ ಆದರೆ "ಕಾರ್ಡ್ ಮ್ಯಾಲ ಆಯ್ತು". ಟ್ಯಾಬ್‌ನಲ್ಲಿ ಹಿಂದೆ ಹೋಗಿ "ಹೌದು" ಅಂತ ಬದಲಾಯಿಸಿದೆ. ಬದಲಾಯಿಸಿದ ಕೂಡಲೇ ಯಾವ ಯೋಜನೆ, ಯಾರ ಹೆಸರಲ್ಲಿ, ಬಳಸಿದ್ದೀರಾ ಅಂತ ಇನ್ನೊಂದಿಷ್ಟು ಪ್ರಶ್ನೆ ತೆರೆದುಕೊಂಡವು. ಇದನ್ನು ಯಾರೂ ಹೇಳಲ್ಲ, ನಾನು ಹೇಳ್ತೀನಿ: ಮನೆ ಲೆಕ್ಕದಲ್ಲಿ ದುಡ್ಡು ತಗೊಳ್ಳುವ ಹುಡುಗನಿಗೆ "ಇಲ್ಲ" ಅನ್ನೋ ಉತ್ತರವೇ ಲಾಭ. ಐದು ನಿಮಿಷ ಉಳಿಯುತ್ತೆ. ಆ ಆಯಿ ಚೀಲ ತರುವುದಕ್ಕೂ ಮೊದಲು ನಾನು ಎಷ್ಟು ಮನೆಗೆ "ಇಲ್ಲ" ಹಾಕಿ ಬಂದಿದ್ದೆ ಅಂತ ಲೆಕ್ಕ ಇಟ್ಟಿಲ್ಲ. ರಾತ್ರಿ ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳಿದೆ. "ಅವರು ಏನು ಹೇಳ್ತಾರೋ ಅದನ್ನೇ ಹಾಕ್ರಿ, ನೀವು ಬಾಯಿ ಬಿಡಿಸಬೇಡ್ರಿ" ಅಂದರು. ನಿಯಮದ ಪ್ರಕಾರ ಅವರದ್ದೂ ಸರಿಯೇ.

ಇದೆಲ್ಲ ಈಗ ನೆನಪಾಗಿದ್ದು, ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ನಕ್ಷೆ ಬಂದಿದ್ದಕ್ಕೆ. ಯಾವ ರಾಜ್ಯದಲ್ಲಿ ಎಷ್ಟು ಮನೆಗೆ ಆರೋಗ್ಯ ವಿಮೆ ಇದೆ ಅಂತ ಬಣ್ಣ ಬಳಿದ ನಕ್ಷೆ. ಕೆಳಗೆ ಶುರುವಾಯ್ತು ನೋಡಿ: ರಾಜಸ್ಥಾನ ಮುಂದೆ, ನಾವು ಹಿಂದೆ, ಆ ಸರ್ಕಾರ ಚಲೋ, ಈ ಸರ್ಕಾರ ಸುಮಾರು. ಅಂಕಿ ಬಂದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಿಂದ, ಅಂದರೆ 2019-21ರದ್ದು. ಅದರಲ್ಲಿ ದೇಶದ ಶೇ 41 ಮನೆಗಳಿಗೆ ಯಾವುದೋ ಒಂದು ವಿಮೆ ಅಥವಾ ಯೋಜನೆ ಇದೆ. ರಾಜಸ್ಥಾನದಲ್ಲಿ ಶೇ 88, ಆಂಧ್ರದಲ್ಲಿ ಶೇ 80. ಸಮೀಕ್ಷೆ ಸುಳ್ಳು ಅಂತ ನಾನು ಹೇಳ್ತಿಲ್ಲ. 6 ಲಕ್ಷ 36 ಸಾವಿರಕ್ಕೂ ಜಾಸ್ತಿ ಮನೆ ತಿರುಗಿ ಮಾಡಿದ ಕೆಲಸ ಅದು. ಬಿಸಿಲಲ್ಲಿ ತಿರುಗಿದವರ ಕಷ್ಟ ನನಗೆ ಗೊತ್ತು. ಆದರೆ ಆ ಅಂಕಿ ಏನನ್ನು ಅಳೆಯುತ್ತೆ ಅಂತ ನೋಡದೆ ರಾಜ್ಯ ರಾಜ್ಯಗಳ ಕುಸ್ತಿ ಹಚ್ಚುವುದು ನನಗೆ ಸರಿ ಕಾಣಲ್ಲ.

ಮೊದಲನೇದಾಗಿ, ಆ ಶೇ 41 ಜನರ ಲೆಕ್ಕ ಅಲ್ಲ, ಮನೆಗಳ ಲೆಕ್ಕ. ಮನೆಯಲ್ಲಿ ಒಬ್ಬರಿಗೆ ಇದ್ದರೂ ಆ ಮನೆ "ಹೌದು". ಮಗ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇದ್ದರೆ ಸಾಕು, ಅದರ ವ್ಯಾಪ್ತಿಗೆ ಬರದ ಅಣ್ಣ ಅತ್ತಿಗೆಯೂ ಅದೇ ಲೆಕ್ಕದೊಳಗೆ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನವರನ್ನು ಒಬ್ಬೊಬ್ಬರಾಗಿ ಕೇಳಿದಾಗ ಹೆಂಗಸರಲ್ಲಿ ಶೇ 30, ಗಂಡಸರಲ್ಲಿ ಶೇ 33 ಅಂತ ಬಂತು. ಇನ್ನೊಂದು ನೋಡಿ. 2015-16ರಲ್ಲಿ ಇದೇ ಸಮೀಕ್ಷೆಯ ನಾಲ್ಕನೇ ಸುತ್ತು ಶೇ 28.7 ಮನೆಗಳಿಗೆ ಇದೆ ಅಂದಿತ್ತು. ಅದಾಗಿ ಎರಡು ವರ್ಷಕ್ಕೆ, 2017-18ರಲ್ಲಿ ಇನ್ನೊಂದು ಸರ್ಕಾರಿ ಸರ್ವೆ, ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 75ನೇ ಸುತ್ತು, ಜನರನ್ನು ಎಣಿಸಿತು. ಹಳ್ಳಿಯಲ್ಲಿ ಶೇ 14, ಪಟ್ಟಣದಲ್ಲಿ ಶೇ 19 ಮಂದಿಗೆ ಮಾತ್ರ ಇದೆ ಅಂತ ಬಂತು. ಎರಡೂ ಸರ್ಕಾರದ್ದೇ. ಟಿವಿಯವರಿಗೆ ಯಾವುದು ಬೇಕೋ ಅದನ್ನು ತೋರಿಸಬಹುದು.

ಎರಡನೇದು ಕಾಲ. ಐದನೇ ಸುತ್ತಿನಲ್ಲಿ ಕರ್ನಾಟಕದ ಮನೆಗಳಿಗೆ ಹೋಗಿದ್ದು ಮೊದಲ ಹಂತದಲ್ಲಿ, 2019ರ ಜೂನ್‌ನಿಂದ 2020ರ ಜನವರಿಯೊಳಗೆ. ರಾಜಸ್ಥಾನ ಎರಡನೇ ಹಂತ, ಅದು ಮುಗಿದದ್ದು 2021ರ ಏಪ್ರಿಲ್‌ಗೆ. ನಡುವೆ ಕೊರೊನಾ ಬಂದು ಹೋಯ್ತು. ಆಸ್ಪತ್ರೆ, ಕಾರ್ಡು, ಬಿಲ್ಲು ಅನ್ನೋ ಮಾತು ಪ್ರತಿ ಮನೆಯ ಜಗಲಿಗೆ ಬಂದ ಕಾಲ ಅದು. ಅದಕ್ಕೂ ಮೊದಲು ಕೇಳಿದ ಮನೆಯನ್ನು, ಆಮೇಲೆ ಕೇಳಿದ ಮನೆಯ ಪಕ್ಕ ಇಟ್ಟು ತೂಗುವುದು ಹೇಗೆ?

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಹೆಸರು.

ರಾಜಸ್ಥಾನದ ಯೋಜನೆಗೆ 2015ರಿಂದ ಇದ್ದ ಹೆಸರು ಭಾಮಾಶಾ ಸ್ವಾಸ್ಥ್ಯ ಬೀಮಾ ಯೋಜನೆ. ಆಮೇಲೆ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದಾಗಲೂ "ಬೀಮಾ" ಹೋಗಲಿಲ್ಲ. ಸಮೀಕ್ಷೆಯ ಹೊತ್ತಿಗೆ ಅಲ್ಲಿ "ಬೀಮಾ ಇದೆಯಾ" ಅಂತ ಕೇಳಿದರೆ ಯೋಜನೆಯ ಹೆಸರಲ್ಲೇ ಉತ್ತರ ಇತ್ತು. ಆಂಧ್ರದಲ್ಲಿ 2007ರಲ್ಲಿ ಶುರುವಾದದ್ದು ಆರೋಗ್ಯಶ್ರೀ. ಬೀದರಿನಿಂದ, ಈಗ ತೆಲಂಗಾಣದಲ್ಲಿರುವ ಜಹೀರಾಬಾದಿಗೆ ಹೋಗಿ ಯಾರನ್ನು ಕೇಳಿದರೂ "ಆರೋಗ್ಯಶ್ರೀ" ಅನ್ನುತ್ತಾರೆ. ರಾಜ್ಯ ಎರಡಾದರೂ ಆ ಮಾತು ಬಾಯಿ ಬಿಟ್ಟು ಹೋಗಿಲ್ಲ. ನಮ್ಮಲ್ಲಿ? ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ, 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷದ ಕೊನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಈಗ ನಡುವೆ "ಮುಖ್ಯಮಂತ್ರಿಗಳ" ಅಂತ ಒಂದು ಸೇರಿದೆ. ಸರ್ಕಾರ ಬದಲಾದ ಹಾಗೆ ಬೋರ್ಡು ಬದಲು. ಯಾವುದರಲ್ಲೂ ವಿಮೆ ಅನ್ನೋ ಪದ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕಟ್ಟುತ್ತೆ, ನಡುವೆ ವಿಮಾ ಕಂಪನಿ ಇಲ್ಲ. ಬಿಪಿಎಲ್ ರೇಷನ್ ಕಾರ್ಡ್ ಇದ್ದರೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ಅಂದ ಮೇಲೆ ಆಯಿ "ವಿಮಾ ಇಲ್ಲ" ಅಂದದ್ದು ತಪ್ಪೇ ಅಲ್ಲ. ಶಬ್ದಕ್ಕೆ ಸರಿಯಾಗೇ ಹೇಳಿದ್ದರು!

ಹಾಗಂತ ಪೂರ್ತಿ ಹೆಸರಿನ ಆಟ ಅಂತಲೂ ಅಲ್ಲ. ಆಂಧ್ರದಲ್ಲಿ ನಿಜವಾಗಲೂ ಬಹಳ ಮನೆಗೆ ಕಾರ್ಡ್ ಮುಟ್ಟಿದೆ. ಅದನ್ನು ಒಪ್ಪಲೇಬೇಕು. ಎಷ್ಟು ನಿಜವಾದ ಅಂತರ, ಎಷ್ಟು ಹೆಸರಿನ ಅಂತರ ಅನ್ನೋದು ಆ ನಕ್ಷೆಯ ಬಣ್ಣದಲ್ಲಿ ಕಾಣಲ್ಲ, ಅಷ್ಟೇ.

ಈ ಗೋಳು ನಮಗೊಬ್ಬರಿಗೇ ಅಂದುಕೊಂಡಿದ್ದೆ. ಓದುತ್ತಾ ಹೋದರೆ ಅಮೆರಿಕದಲ್ಲೂ ಅದೇ ಕತೆ. ಅಲ್ಲಿ ಬಡವರಿಗೆ ಮೆಡಿಕೇಡ್ ಅಂತ ಇದೆ, ಆದರೆ ರಾಜ್ಯಕ್ಕೊಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಟೆನೆಸ್ಸಿಯಲ್ಲಿ ಟೆನ್‌ಕೇರ್, ವಿಸ್ಕಾನ್ಸಿನ್‌ನಲ್ಲಿ ಬ್ಯಾಜರ್‌ಕೇರ್. ಸರ್ಕಾರಿ ದಾಖಲೆಯಲ್ಲಿ ಹೆಸರಿದ್ದವರೇ ಸಮೀಕ್ಷೆಯವರ ಮುಂದೆ "ಇಲ್ಲ" ಅಂದುಬಿಡುತ್ತಾರೆ. ದಾಖಲೆಯ ಲೆಕ್ಕಕ್ಕಿಂತ ಸಮೀಕ್ಷೆಯ ಲೆಕ್ಕ ಸಾಮಾನ್ಯವಾಗಿ ಕಮ್ಮಿ ಬೀಳುತ್ತೆ. ಅದಕ್ಕೇ ಅಲ್ಲಿನ ಸರ್ಕಾರಿ ಸಮೀಕ್ಷೆಯಾದ ಕರೆಂಟ್ ಪಾಪ್ಯುಲೇಶನ್ ಸರ್ವೆಯಲ್ಲಿ ಆಯಾ ರಾಜ್ಯದ ಹೆಸರನ್ನೇ ಹಿಡಿದು ಕೇಳುತ್ತಾರೆ. ಇನ್ನೊಂದು ತಮಾಷೆ: ಅದೇ ಸರ್ವೆ ಮೊದಲು "ಕಳೆದ ವರ್ಷ ಇತ್ತಾ" ಅಂತ ಕೇಳುತ್ತಿತ್ತು, ಜನ ಈಗಿನದ್ದನ್ನು ಹೇಳುತ್ತಿದ್ದರು. ಸರಿಪಡಿಸೋಣ ಅಂತ 2014ರಲ್ಲಿ ಪ್ರಶ್ನೆ ಬದಲಾಯಿಸಿದರು. ಹೆಚ್ಚು ಜನರಿಗೆ ವಿಮೆ ಮುಟ್ಟಿಸುವ ಒಬಾಮಾ ಕೇರ್ ಕಾನೂನಿನ ಮುಖ್ಯ ಭಾಗ ಜಾರಿಗೆ ಬಂದದ್ದೂ ಅದೇ ವರ್ಷ. ಹಳೇ ಅಂಕಿಗೂ ಹೊಸ ಅಂಕಿಗೂ ಹೋಲಿಸುವುದೇ ಕಷ್ಟ ಆಯ್ತು. ಕೆರೆ ತುಂಬುವ ಹೊತ್ತಿಗೇ ಅಳತೆ ಕೋಲು ಬದಲಾಯಿಸಿದ ಹಾಗೆ.

ನಮ್ಮ ಕಡೆ ಇನ್ನೂ ಎರಡು ತೊಡಕು ಇವೆ. ಒಂದು, ಮನೆಯಲ್ಲಿ ಯಾರು ಇರ್ತಾರೆ ಅನ್ನೋದು. ದೀಪಾವಳಿ ಆದ ಮೇಲೆ ತಾಂಡಾಗಳಿಗೆ ಹೋಗಿ ನೋಡಿ, ಅರ್ಧ ಮನೆಗೆ ಬೀಗ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ. ಉಳಿದವರು ಮುದುಕರು, ಸಣ್ಣ ಮಕ್ಕಳು. ಅವರಿಗೆ ಮಗನ ಇಎಸ್‌ಐ ಗೊತ್ತಿರಲ್ಲ. ಯಾದಗಿರಿ ಕಡೆ ಒಂದು ಊರಲ್ಲಿ ಮಧ್ಯಾಹ್ನದವರೆಗೆ ಬಾಗಿಲು ಬಡಿದು, ಎರಡೇ ಮನೆ ಮುಗಿಸಿ ವಾಪಸ್ ಬಂದಿದ್ದೆ. ಎರಡನೇದು ಹೆದರಿಕೆ. ಟ್ಯಾಬ್ ಹಿಡಿದು ಬಂದವನು ಅಂದ್ರೆ ಬಿಪಿಎಲ್ ಕಾರ್ಡ್ ರದ್ದು ಮಾಡೋಕೆ ಬಂದವನು. ಏನು ಕೇಳಿದರೂ "ಇಲ್ಲ" ಅನ್ನೋದೇ ಕ್ಷೇಮ. ಹೊಲ ಇಲ್ಲ, ಬೈಕ್ ಇಲ್ಲ, ವಿಮಾ ಇಲ್ಲ. ಹೊರಗೆ ಬೈಕ್ ನಿಂತಿರುತ್ತೆ, "ಅದು ಅಳಿಯಂದು" ಅನ್ನುತ್ತಾರೆ.

ಹಾಗಾದರೆ ಸರ್ವೆಯೇ ಬೇಡವಾ? ಬೇಕು. ಚೆನ್ನಾಗಿ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಭಾಗದ್ದೇ ಇದೆ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾಗಿದ್ದು ಆಗಿನ ಗುಲ್ಬರ್ಗ ವಿಭಾಗದಲ್ಲಿ. ರಾಜ್ಯದ ಉತ್ತರಕ್ಕೆ ಯೋಜನೆ ಬಂದಿತ್ತು, ದಕ್ಷಿಣಕ್ಕೆ ಇನ್ನೂ ಬಂದಿರಲಿಲ್ಲ. ಸಂಶೋಧಕರು ಆ ಗಡಿಯ ಈ ಕಡೆ 300 ಹಳ್ಳಿ, ಆ ಕಡೆ 272 ಹಳ್ಳಿ ಆರಿಸಿಕೊಂಡು ಮನೆ ಮನೆಗೆ ಹೋದರು. 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರು "ನಿಮಗೆ ವಿಮೆ ಇದೆಯಾ" ಅನ್ನೋ ಉತ್ತರದ ಮೇಲೆ ಲೆಕ್ಕ ನಿಲ್ಲಿಸಲಿಲ್ಲ. ಯಾವ ಊರು, ಬಿಪಿಎಲ್ ಹೌದೋ ಅಲ್ಲವೋ, ಅಷ್ಟರಿಂದಲೇ ಯೋಜನೆ ಇದೆಯೋ ಇಲ್ಲವೋ ಅಂತ ತಿಳಿಯುತ್ತಿತ್ತು. ಆಮೇಲೆ ಯಾರು ತೀರಿಕೊಂಡರು, ಯಾವ ಕಾಯಿಲೆಯಿಂದ, ಆಸ್ಪತ್ರೆಗೆ ಕೈಯಿಂದ ಎಷ್ಟು ಹೋಯ್ತು ಅಂತ ಕೇಳಿದರು. ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತವರ ಪ್ರಮಾಣ, ಯೋಜನೆ ಇದ್ದ ಕಡೆಯ ಬಿಪಿಎಲ್ ಮನೆಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಸಾವು, ಬಿಲ್ಲು ಎರಡೂ ಜನ ಮರೆಯುವಂಥದ್ದಲ್ಲ. ಅದಕ್ಕೆ ಹೆಸರು ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ.

ನನ್ನ ಕೈಗೆ ಪ್ರಶ್ನೆಪಟ್ಟಿ ಕೊಟ್ಟರೆ ಮೊದಲು ಕೇಳುವುದು ಇಷ್ಟೇ: "ಹೋದ ಸಲ ದವಾಖಾನಿಗೆ ಅಡ್ಮಿಟ್ ಆದಾಗ ರೊಕ್ಕ ಯಾರು ಕಟ್ಟಿದ್ರು?" ಆಮೇಲೆ ಕಾರ್ಡ್ ತೋರಿಸಿ ಅನ್ನುತ್ತೇನೆ. ವಿಮೆ ಅನ್ನೋ ಪದ ಕೊನೆಗೆ. ಕೇಳಿದ್ದರಲ್ಲಿ ಒಂದಿಷ್ಟು ಮನೆಗಳನ್ನು, ಹೆಸರು ಹೊರಗೆ ಬರದ ಹಾಗೆ, ಟ್ರಸ್ಟಿನ ಕ್ಲೇಮ್ ದಾಖಲೆ ಜೊತೆ ತಾಳೆ ನೋಡುತ್ತೇನೆ. ಎಷ್ಟು ಮಂದಿ ಇದ್ದೂ ಇಲ್ಲ ಅಂದರು ಅಂತ ಗೊತ್ತಾದ ಮೇಲೆ ರಾಜ್ಯಗಳ ಪಟ್ಟಿ ಮಾಡಲಿ, ನಾನೇ ಗ್ರೂಪಿಗೆ ಹಾಕ್ತೀನಿ.

ಇದರ ಉಲ್ಟಾ ಕೂಡ ಇದೆ. ಕಾರ್ಡ್ ಇದ್ದೂ ಇಲ್ಲದ ಹಾಗೆ ಆಗುವುದು. ನಮ್ಮಪ್ಪನಿಗೆ ಹರ್ನಿಯಾ ಆಗಿತ್ತು. ಬಿಪಿಎಲ್ ಕಾರ್ಡ್ ಇತ್ತು. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ತುರ್ತು ಅಲ್ಲದ್ದಕ್ಕೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕು ಅಂದರು. ಅಲ್ಲಿಗೆ ಹೋದರೆ, ಈ ಆಪರೇಶನ್ ನಾವೇ ಮಾಡ್ತೀವಿ, ಚೀಟಿ ಯಾಕೆ, ಸರದಿ ಬರೋವರೆಗೆ ಕಾಯಿರಿ ಅಂದರು. ಅಪ್ಪನಿಗೆ ರಾತ್ರಿ ನಿದ್ದೆ ಇಲ್ಲ, ಕೂತರೆ ನೋವು, ನಿಂತರೆ ನೋವು. ಎಷ್ಟು ದಿನ ಅಂತ ಕಾಯೋದು? ಅವ್ವನ ಸರ ಅಡವಿಟ್ಟು 42 ಸಾವಿರ ಕಟ್ಟಿದೆವು. ಸಮೀಕ್ಷೆಯ ಲೆಕ್ಕದಲ್ಲಿ ನಮ್ಮದು ವಿಮೆ ಇರುವ ಮನೆ.

ಹೋದ ತಿಂಗಳು ಒಂದು ಹುಡುಗಿ ಟ್ಯಾಬ್ ಹಿಡಿದು ನಮ್ಮ ಮನೆಗೇ ಬಂದಿದ್ದಳು. ಅವ್ವ ಬಾಗಿಲಲ್ಲಿ ಕೂತಿದ್ದಳು, ನಾನು ಒಳಗಿದ್ದೆ. ಮತ್ತೆ ಅದೇ ಪ್ರಶ್ನೆ, ಅದೇ ಶಬ್ದ. "ಇಲ್ಲವ್ವ" ಅಂದಳು ಅವ್ವ. ನಾನು ಒಳಗಿಂದಲೇ ಕೂಗಿದೆ: "ಅದ ಅನ್ನವ್ವಾ, ನಮಗ ಕಾರ್ಡ್ ಅದ."

ಅವ್ವ ತಿರುಗಿ ನೋಡಿದಳು. "ಕಾರ್ಡ್ ಇದ್ರ ನನ್ನ ಸರ ಎಲ್ಲದ ಹಂಗಾರ?"

ಹುಡುಗಿ ಟ್ಯಾಬ್ ಮೇಲೆ ಬೆರಳಿಟ್ಟುಕೊಂಡು, ಯಾವುದನ್ನು ಒತ್ತಬೇಕು ಅಂತ ನನ್ನ ಮುಖ ನೋಡುತ್ತಿದ್ದಳು.