ಟಿವಿಯಿಂದ ರಿಸೀವರ್‌ಗೆ ಶಬ್ದ ಹೋಗುವ ದಾರಿ

ಸುಂಟಿಕೊಪ್ಪದ ಬಳಿಯ ನಮ್ಮ ಮನೆಗೆ ಹಂಚಿನ ಮಾಡು, ಜಗಲಿಗೆ ತಗಡಿನ ಶೀಟು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಟಿವಿಯಲ್ಲಿ ಆಡುವ ಮಾತು ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನಾವೇ ಊಹಿಸಿಕೊಳ್ಳಬೇಕು. ಆದ್ದರಿಂದ ಹೋಂ ಥಿಯೇಟರ್ ಎಂದರೆ ಶೋಕಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 5.1 ವ್ಯವಸ್ಥೆ ಎಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್, ಒಟ್ಟು ಆರು ಚಾನೆಲ್, ಅಂದರೆ ಶಬ್ದದ ಆರು ಬೇರೆ ಬೇರೆ ಎಳೆ. ಅದರಲ್ಲಿ ನಮ್ಮಂಥವರಿಗೆ ಬೇಕಾದದ್ದು ಬೆನ್ನ ಹಿಂದಿನ ಎರಡು ಸ್ಪೀಕರ್‌ಗಳಲ್ಲ, ಟಿವಿಯ ಕೆಳಗೆ ಕೂರುವ ಸೆಂಟರ್ ಸ್ಪೀಕರ್. ಸಿನಿಮಾದ ಸಂಭಾಷಣೆ ಬಹುಪಾಲು ಆ ಒಂದೇ ಚಾನೆಲ್‌ನಲ್ಲಿ ಇರುತ್ತದೆ. ಸ್ಪೀಕರ್‌ಗಳಿಗೆ ಶಬ್ದ ಹಂಚುವ ಪೆಟ್ಟಿಗೆಯಾದ ರಿಸೀವರ್‌ನಲ್ಲಿ ಅದೊಂದನ್ನೇ ಮೂರು ಡೆಸಿಬಲ್ ಏರಿಸಿದರೆ ಹಿನ್ನೆಲೆ ಸಂಗೀತ ಇದ್ದಲ್ಲೇ ಇರುತ್ತದೆ, ಮಾತು ಮಾತ್ರ ಮಳೆಯ ಸದ್ದನ್ನು ದಾಟಿ ಬರುತ್ತದೆ. ಆದರೆ ಹೀಗಾಗಬೇಕಾದರೆ ಆರೂ ಚಾನೆಲ್‌ಗಳು ಬೆರೆಯದೆ ರಿಸೀವರನ್ನು ತಲುಪಬೇಕು. ಕೆಡುವುದು ಅಲ್ಲಿಯೇ.

ಕಳೆದ ವರ್ಷ ಹೊಸ ಟಿವಿ ತಂದಾಗ ಜೋಡಿಸಲು ಬಂದ ಹುಡುಗ ಒಂದು ಕೇಬಲ್ ಚುಚ್ಚಿ, ಐದೂ ಸ್ಪೀಕರ್‌ಗಳಿಂದ ಸದ್ದು ಬರುವುದನ್ನು ಕೇಳಿಸಿ, ಕಾಫಿ ಕುಡಿದು ಹೋದ. ಒಂದು ಇಡೀ ಮಳೆಗಾಲ ನಾನು ಅದನ್ನೇ ಸರೌಂಡ್ ಎಂದು ನಂಬಿದ್ದೆ. ಅನುಮಾನ ಬಂದದ್ದು ಅಪ್ಪನಿಗೆ: "ಮಾತು ಜೋರು ಮಾಡಿದ್ರೆ ಮ್ಯೂಸಿಕ್ಕೂ ಜೋರಾಗ್ತದಲ್ಲ, ಇದೆಂಥ ಸೆಂಟರ್ ಮಾರಾಯ?" ಆಮೇಲೆ ರಿಸೀವರ್‌ನ ಮುಂಭಾಗದ ಡಿಸ್‌ಪ್ಲೇಯನ್ನು ಟಾರ್ಚ್ ಹಿಡಿದು ನೋಡಿದರೆ ಅಲ್ಲಿ ಬಂದಿದ್ದದ್ದು ಪಿಸಿಎಂ (ಕಟ್ಟು ಬಿಚ್ಚಿದ ಡಿಜಿಟಲ್ ಶಬ್ದ), ಎರಡು ಚಾನೆಲ್. ಟಿವಿಯು ಆರು ಚಾನೆಲ್‌ಗಳನ್ನು ಕಲಸಿ ಎರಡು ಮಾಡಿ ಕಳಿಸುತ್ತಿತ್ತು, ರಿಸೀವರ್ ಆ ಎರಡನ್ನು ತನಗೆ ತೋಚಿದಂತೆ ಐದು ಕಡೆಗೆ ಹಂಚುತ್ತಿತ್ತು. ಐದು ಕಡೆಯಿಂದ ಸದ್ದು ಬಂದ ಮಾತ್ರಕ್ಕೆ ಅದು 5.1 ಅಲ್ಲವೆಂಬುದು ನನಗೆ ತಿಳಿದದ್ದು ಹೀಗೆ. ಈಗ ಯಾರ ಮನೆಗೆ ಹೋದರೂ ನಾನು ಸ್ಪೀಕರ್‌ಗೆ ಕಿವಿಗೊಡುವ ಮೊದಲು ಆ ಡಿಸ್‌ಪ್ಲೇಯನ್ನು ಓದುತ್ತೇನೆ.

ತಪ್ಪು ಇದ್ದದ್ದು ಟಿವಿಯ ಸೌಂಡ್ ಮೆನುವಿನೊಳಗೆ. ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಪಿಸಿಎಂ ಎಂದಿದ್ದರೆ ಹಳೆಯ ಬಗೆಯ ದಾರಿಗಳಲ್ಲಿ, ಅಂದರೆ ಆಪ್ಟಿಕಲ್ ಕೇಬಲ್‌ನಲ್ಲಿ ಮತ್ತು ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿಯ ಶಬ್ದವನ್ನು ರಿಸೀವರ್‌ಗೆ ಮರಳಿಸುವ ಎಆರ್‌ಸಿಯಲ್ಲಿ, ಹೋಗುವುದು ಎರಡೇ ಚಾನೆಲ್. ಅದನ್ನು ಆಟೋ, ಬಿಟ್‌ಸ್ಟ್ರೀಮ್ ಅಥವಾ ಪಾಸ್ ಥ್ರೂ ಎಂದು ಬದಲಿಸಿದರೆ ಆರು ಚಾನೆಲ್‌ಗಳನ್ನು ಡಾಲ್ಬಿ ಎಂಬ ಬಗೆಯಲ್ಲಿ ಒತ್ತಿ ಕಟ್ಟಿದ ಕಟ್ಟು ಬಿಚ್ಚದೆ ರಿಸೀವರ್‌ಗೆ ಹೋಗುತ್ತದೆ, ಬಿಚ್ಚುವ ಕೆಲಸವನ್ನು ಅದು ಮಾಡುತ್ತದೆ. ಒಟ್ಟು ಎರಡು ನಿಮಿಷದ ಕೆಲಸ. ಇಷ್ಟಕ್ಕಾಗಿ ನಾನು ಹೊಸ ರಿಸೀವರ್‌ನ ಬೆಲೆ ವಿಚಾರಿಸಿಕೊಂಡು ಮಡಿಕೇರಿಗೆ ಎರಡು ಸಲ ಹೋಗಿ ಬಂದಿದ್ದೆ! ಅಂಗಡಿಯಲ್ಲಿ ಒಬ್ಬರಾದರೂ ಮೆನು ನೋಡಿದ್ದೀರಾ ಎಂದು ಕೇಳಲಿಲ್ಲ. ಎಆರ್‌ಸಿಯ ಹೊಸ ರೂಪವಾದ ಇ-ಎಆರ್‌ಸಿ ಇರುವುದನ್ನೇ ತೆಗೆದುಕೊಳ್ಳಿ ಎಂದರು.

ಇ-ಎಆರ್‌ಸಿ ಸುಳ್ಳೇನಲ್ಲ. 2009ರ ಎಚ್‌ಡಿಎಂಐ 1.4ರ ಜೊತೆ ಎಆರ್‌ಸಿ ಬಂತು. ಅಲ್ಲಿಯವರೆಗೆ ಟಿವಿಗೆ ಚಿತ್ರವನ್ನು ಒಯ್ಯುತ್ತಿದ್ದ ಕೇಬಲ್‌ನಲ್ಲೇ ಶಬ್ದ ಹಿಮ್ಮುಖವಾಗಿ ರಿಸೀವರ್‌ಗೆ ಹರಿಯತೊಡಗಿತು. 2017ರ ಎಚ್‌ಡಿಎಂಐ 2.1 ತಂದ ಇ-ಎಆರ್‌ಸಿಯು ಸೆಕೆಂಡಿಗೆ ಸುಮಾರು 37 ಮೆಗಾಬಿಟ್ ಶಬ್ದವನ್ನು ಒಯ್ಯಬಲ್ಲದು. ಬ್ಲೂ-ರೇ ಡಿಸ್ಕ್‌ನಲ್ಲಿರುವ, ಶಬ್ದದಲ್ಲಿ ಏನನ್ನೂ ಕಳೆಯದೆ ಕಟ್ಟಿದ ಡಾಲ್ಬಿ ಟ್ರೂಎಚ್‌ಡಿಯಂಥದ್ದು ಟಿವಿಯ ಮೂಲಕ ಹಾದುಬರಬೇಕಾದರೆ ಅದು ಬೇಕು. ಆದರೆ ನಮ್ಮ ಮನೆಯಲ್ಲಿ ಡಿಸ್ಕ್ ಎಲ್ಲಿದೆ? ಸಿನಿಮಾ ಬರುವುದು ಟಿವಿಯ ಆ್ಯಪ್‌ಗಳಿಂದ, ಅವು ಸಾಮಾನ್ಯವಾಗಿ ಕೊಡುವುದು ಡಾಲ್ಬಿ ಡಿಜಿಟಲ್ ಪ್ಲಸ್. ಟಿವಿ ಮತ್ತು ರಿಸೀವರ್ ಎರಡೂ ಒಪ್ಪಿದರೆ ಅದು ಸಾದಾ ಎಆರ್‌ಸಿಯಲ್ಲೇ, ತಲೆಯ ಮೇಲಿಂದಲೂ ಶಬ್ದ ಬರಿಸುವ ಅಟ್ಮಾಸ್ ಸಮೇತ ಹೋಗುತ್ತದೆ. ಡಿಸ್ಕ್ ಪ್ಲೇಯರ್ ಇರುವವರು ಕೂಡ ಅದನ್ನು ಮೊದಲು ರಿಸೀವರ್‌ಗೆ ಜೋಡಿಸಿ, ಅಲ್ಲಿಂದ ಚಿತ್ರವನ್ನು ಟಿವಿಗೆ ಕಳಿಸಿದರೆ ಈ ಹಿಮ್ಮುಖ ದಾರಿಯ ಹಂಗೇ ಇರುವುದಿಲ್ಲ. ರಿಸೀವರ್ 4ಕೆ ಚಿತ್ರವನ್ನು ದಾಟಿಸುವಷ್ಟು ಹೊಸದಾಗಿದ್ದರೆ ಸಾಕು. ಆ ಜೋಡಣೆಯಲ್ಲಿ ಇನ್ನೊಂದು ಅನುಕೂಲವಿದೆ. ಟಿವಿ ಚಿತ್ರವನ್ನು ತಿದ್ದುವಷ್ಟರಲ್ಲಿ ಶಬ್ದ ತುಸು ಮುಂದೆ ಓಡಿದರೂ ರಿಸೀವರ್‌ನಲ್ಲಿ ಕೆಲವು ಮಿಲಿಸೆಕೆಂಡ್ ತಡೆದು ತುಟಿಗೆ ಕೂಡಿಸಬಹುದು. ಟಿವಿಯಿಂದಲೇ ತಡವಾಗಿ ಬಂದ ಶಬ್ದವನ್ನು ಮುಂದಕ್ಕೆ ಎಳೆಯುವ ಗುಂಡಿ ರಿಸೀವರ್‌ನಲ್ಲಿ ಇಲ್ಲ.

ಇಷ್ಟೆಲ್ಲ ಆದಮೇಲೂ ನಾನು ಆಪ್ಟಿಕಲ್ ಕೇಬಲನ್ನು ಎಸೆದಿಲ್ಲ, ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿನಲ್ಲಿ ಡಿಶ್‌ನ ವಯರ್ ಮೂಲಕ ನುಗ್ಗಿದ ಕರೆಂಟ್ ಸೆಟ್ ಟಾಪ್ ಬಾಕ್ಸ್ ಸುಟ್ಟು, ಎಚ್‌ಡಿಎಂಐ ಹಿಡಿದು ಟಿವಿ ಸೇರಿ, ಅಲ್ಲಿಂದ ಎಆರ್‌ಸಿ ಕೇಬಲ್‌ನಲ್ಲಿ ರಿಸೀವರ್‌ಗೂ ದಾಟಬಹುದು. ನಮ್ಮ ಹಳೆಯ ಟಿವಿ ಹೋದದ್ದು ಹಾಗೆಯೇ. ಆಪ್ಟಿಕಲ್‌ನಲ್ಲಿ ಹರಿಯುವುದು ಬರೀ ಬೆಳಕು, ಆದ್ದರಿಂದ ಆ ಎರಡು ತಿಂಗಳು ಎಆರ್‌ಸಿ ಕಿತ್ತು ಇದನ್ನು ಚುಚ್ಚಿದರೆ ಆ ಸರಪಳಿ ಟಿವಿಯಲ್ಲೇ ತುಂಡಾಗುತ್ತದೆ. ಪ್ಲಗ್ಗಿನಿಂದ ಬರುವ ಅಪಾಯಕ್ಕೆ ಮಾತ್ರ ಪ್ಲಗ್ ಕೀಳುವುದೇ ಮದ್ದು. ಆಪ್ಟಿಕಲ್ ಡಾಲ್ಬಿ ಡಿಜಿಟಲ್ ಪ್ಲಸ್ಸನ್ನು ಹೊರುವುದಿಲ್ಲ, ಟಿವಿ ಅದನ್ನು ಹಳೆಯ ಡಾಲ್ಬಿ ಡಿಜಿಟಲ್‌ಗೆ ಬದಲಿಸಿ ಕೊಡಬೇಕು. ನಮ್ಮದು ಕೊಡುತ್ತದೆ, ಆರು ಚಾನೆಲ್ ಆರಾಗಿಯೇ ತಲುಪುತ್ತವೆ. ಅಪ್ಪನ ತಕರಾರು ಒಂದೇ, ಎಆರ್‌ಸಿ ಇಲ್ಲದ ಆ ಎರಡು ತಿಂಗಳು ವಾಲ್ಯೂಮ್‌ಗೆ ರಿಸೀವರ್‌ನ ಬೇರೆ ರಿಮೋಟ್ ಹುಡುಕಬೇಕು.

ಮಳೆ ಹಿಡಿದು ಗುಡುಗು ನಿಂತ ಮೇಲೆ ಮತ್ತೆ ಎಆರ್‌ಸಿ ಚುಚ್ಚುತ್ತೇನೆ. ಸೆಂಟರ್ ಈಗ ಪ್ಲಸ್ ಮೂರರಲ್ಲಿದೆ, ಜುಲೈಗೆ ನಾಲ್ಕು ಮಾಡಬೇಕಾದೀತು.