ಪ್ರಿಂಟ್‌ನಲ್ಲಿ ಏರ್ತಿದೆ, ಲೇಬಲ್‌ನಲ್ಲಿ ಮಾತ್ರ ಸೊನ್ನೆ

ಈಗಷ್ಟೇ ಜೂನಿಯರ್ ಒಬ್ಬಳ ಹತ್ರ ಮಾತಾಡಿ ಫೋನಿಟ್ಟೆ, ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಮೇಲಲ್ಲ. ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡೋಕೆ ಇರೋ ಟಿಕಿಂಟರ್ ಲೈಬ್ರರಿಯಲ್ಲಿ ಒಂದು ಚಿಕ್ಕ ಕೌಂಟರ್ ಬರೆದಿದಾಳೆ, ಒಂದು ಬಟನ್ ಒಂದು ಲೇಬಲ್, ಅಷ್ಟೇ. ಬಟನ್ ಒತ್ತಿದ್ರೆ ಕಾಲ್‌ಬ್ಯಾಕ್, ಅಂದ್ರೆ ಬಟನ್‌ಗೆ ಕಟ್ಟಿಟ್ಟ ಫಂಕ್ಷನ್, ಓಡುತ್ತೆ, ಅದರೊಳಗೆ ಪ್ರಿಂಟ್ ಹಾಕಿದ್ರೆ ಟರ್ಮಿನಲ್‌ನಲ್ಲಿ 1, 2, 3 ಅಂತ ಬರ್ತಾನೇ ಇದೆ, ಲೇಬಲ್ ಮಾತ್ರ 0 ಬಿಟ್ಟು ಕದಲ್ತಿಲ್ಲ. ಎರಡು ರಾತ್ರಿ ಕೂತಿದಾಳೆ ಪಾಪ. ಕೇಳಿದವರೆಲ್ಲ ಹೇಳಿದ್ದು ಒಂದೇ, ‘ಅಪ್‌ಡೇಟ್ ಅಂತ ಒಂದು ಕಾಲ್ ಹಾಕು, ಸ್ಕ್ರೀನ್ ರಿಫ್ರೆಶ್ ಆಗುತ್ತೆ.’

ಆಗಲ್ಲ ರೀ! ಲೇಬಲ್ ಮಾಡುವಾಗ ಅದಕ್ಕೆ ಸಿಕ್ಕಿದ್ದು 0 ಅನ್ನೋ ಅಂಕಿ, ಎಣಿಕೆ ಇಟ್ಟಿರೋ ಕೌಂಟ್ ಅನ್ನೋ ವೇರಿಯಬಲ್‌ನ ಹೆಸರಲ್ಲ. ಆಮೇಲೆ ನೀವು ಕೌಂಟ್‌ಗೆ ಎಷ್ಟು ಸೇರಿಸಿದ್ರೂ ಲೇಬಲ್‌ಗೆ ಗೊತ್ತಾಗೋಕೆ ದಾರೀನೇ ಇಲ್ಲ, ನೂರು ಸಲ ರಿಫ್ರೆಶ್ ಮಾಡಿದ್ರೂ ಅದೇ ಹಳೇ ಸೊನ್ನೇನ ಮತ್ತೆ ಬರೆಯುತ್ತೆ. ಒಂದೋ ಕಾಲ್‌ಬ್ಯಾಕ್ ಒಳಗೇ ಲೇಬಲ್‌ನ ಕಾನ್ಫಿಗ್ ಕರೆದು ಹೊಸ ಟೆಕ್ಸ್ಟ್ ಕೊಡಬೇಕು, ಇಲ್ಲಾ ಒಂದು ಇಂಟ್‌ವಾರ್ (ಸಂಖ್ಯೆ ಇಡೋಕೆ ಟಿಕಿಂಟರ್ ಕೊಡೋ ಡಬ್ಬಿ) ಮಾಡಿ ಅದನ್ನ ಲೇಬಲ್‌ನ ಟೆಕ್ಸ್ಟ್‌ವೇರಿಯಬಲ್ ಅನ್ನೋ ಆಯ್ಕೆಗೆ ಕೊಡಬೇಕು. ಇಂಟ್‌ವಾರ್ ಪೈಥಾನ್‌ನ ಮಾಮೂಲಿ ವೇರಿಯಬಲ್ ಅಲ್ಲ, ಅದರ ಹಿಂದೆ ಇರೋದು ಟಿಕಲ್ ಭಾಷೆಯ ವೇರಿಯಬಲ್, ಅದು ಬದಲಾದ್ರೆ ಟಿಕಿಂಟರ್‌ನ ಒಳಗೆ ವಿಂಡೋ ಬಿಡಿಸೋ ಟಿಕೆ ತಾನೇ ಗಮನಿಸಿ ಲೇಬಲ್ ತಿದ್ದುತ್ತೆ. ಆದ್ರೆ ಅದಕ್ಕೂ ಈಕ್ವಲ್ ಟು ಹಾಕಿ ಹೊಸ ಸಂಖ್ಯೆ ಕೊಟ್ರೆ ಮುಗೀತು, ಲೇಬಲ್‌ಗೆ ಸುದ್ದಿ ಹೋಗಲ್ಲ, ಸೆಟ್ ಅಂತಲೇ ಕರೀಬೇಕು. ಹೇಳೋಕೆ ಐದು ನಿಮಿಷ ಸಾಕು, ಯಾಕೆ ಯಾರೂ ಹೇಳಲ್ಲ?

‘ಶುರುವಲ್ಲೇ ಇಷ್ಟೆಲ್ಲ ಯಾಕೆ, ಮೊದಲು ಓಡ್ಲಿ, ಆಮೇಲೆ ಅರ್ಥ ಆಗುತ್ತೆ’ ಅಂತಾರೆ. ಓಡ್ತಾ ಇಲ್ವಲ್ಲ, ಅದಕ್ಕೇ ತಾನೇ ಅವಳು ಕೇಳಿದ್ದು!

ನನಗೆ ಇಷ್ಟು ತಾಗೋಕೆ ಕಾರಣ ಇದೆ. ನಾನು ಮೊದಲ ಸಲ ಬಟನ್ ಮಾಡಿದಾಗ ಒತ್ತಿದಾಗ ಏನು ಓಡಬೇಕು ಅಂತ ಹೇಳೋ ಕಮಾಂಡ್‌ಗೆ ಫಂಕ್ಷನ್ ಹೆಸರಿನ ಜೊತೆ ಬ್ರಾಕೆಟ್ಟೂ ಹಾಕಿದ್ದೆ, ವಿಂಡೋ ಬರೋಕೆ ಮೊದಲೇ ಅದು ಒಂದ್ಸಲ ಓಡಿ ಮುಗೀತು, ಆಮೇಲೆ ಬಟನ್ ಒತ್ತಿದ್ರೆ ಏನೂ ಇಲ್ಲ. ಇದು ನನ್ನ ಕೈಲಾಗಲ್ಲ ಅಂದ್ಕೊಂಡು ತಿಂಗಳುಗಟ್ಟಲೆ ಕೋಡ್ ಮುಟ್ಟಲಿಲ್ಲ, ಎರಡು ಬ್ರಾಕೆಟ್‌ಗೋಸ್ಕರ.

ಇವತ್ತು ಫೋನಲ್ಲೇ ಅವಳ ಲೇಬಲ್‌ನಲ್ಲಿ 1 ಬಂತು. ‘ಅಂದ್ರೆ ಅಕ್ಕ, ಲೇಬಲ್‌ಗೆ ನನ್ನ ಕೌಂಟ್ ಇದೆ ಅಂತಾನೇ ಗೊತ್ತಿರ್ಲಿಲ್ವಾ?’ ಅಂದ್ಲು. ಇನ್ನು ಸೆಕೆಂಡಿಗೊಂದು ಏರೋ ಟೈಮರ್ ಮಾಡ್ತಾಳಂತೆ. ಕಾಯಿಸೋಕೆ ಸ್ಲೀಪ್ ಹಾಕಬೇಡ ಕಣೆ, ಕ್ಲಿಕ್‌ಗಳನ್ನ ನೋಡ್ಕೊಳ್ಳೋ ಮೇನ್‌ಲೂಪ್ ನಿಂತು ವಿಂಡೋನೇ ಫ್ರೀಜ್ ಆಗುತ್ತೆ, ಇಷ್ಟು ಹೊತ್ತಾದ ಮೇಲೆ ಓಡ್ಸು ಅಂತ ಹೇಳೋ ಆಫ್ಟರ್‌ಗೆ 1000 ಮಿಲಿಸೆಕೆಂಡ್ ಕೊಡು, ಫಂಕ್ಷನ್ ಹೆಸರು ಕೊಡು, ಬ್ರಾಕೆಟ್ ಬೇಡ ಅಂತ ಈಗಲೇ ಹೇಳಿಬಿಟ್ಟಿದೀನಿ.